ಮಳೆಗಾಲದಲ್ಲಿ ಕಪಾಟಿಗೆ ಬೂಸರು ಬರ್ತದೆ, ಹೈಗ್ರೋಮೀಟರ್ ತಗೊಂಡ್ರೆ ಉಪಯೋಗ ಉಂಟಾ?

ಗಾಳಿಯ ತೇವಾಂಶ ಅಳೆಯುವ ಈ ಮೀಟರಿಂದ ಉಪಯೋಗ ಖಂಡಿತ ಉಂಟು, ಆದ್ರೆ ಚಾವಡಿಯಲ್ಲಿ ಟಿವಿ ಪಕ್ಕ ಇಡ್ಲಿಕ್ಕೆ ಅಂತಾದ್ರೆ ತಗೊಳ್ಬೇಡಿ. ಕುಂಬಳೆ ಹತ್ರ ಹೊಸ ಟೆರೇಸ್ ಮನೆ, ಕಪಾಟಿನ ಸೀರೆಗೂ ಪುಸ್ತಕಕ್ಕೂ ಬೂಸರು, ಕಿಟಕಿ ತೆರೆದಿಡ್ಬೇಕಾ ಮುಚ್ಚಿಡ್ಬೇಕಾ ಅಂತ ಮನೆಯಲ್ಲಿ ದಿನಾ ಚರ್ಚೆ ಅಂತ ಬರೆದಿದ್ದೀರಿ. ನಾನು ಬದಿಯಡ್ಕದ ಕಡೆಯವ, ನಮ್ಮಲ್ಲೂ ಮುರಕಲ್ಲಿನ ಗೋಡೆ, ಮೇಲೆ ಕಾಂಕ್ರೀಟ್, ಹಾಗಾಗಿ ನಿಮ್ಮ ಕಷ್ಟ ಅರ್ಥ ಆಗ್ತದೆ.

ಮೊದಲು ಒಂದು ವಿಷಯ. ಇಂಟರ್ನೆಟ್ಟಲ್ಲಿ ಎಲ್ಲಿ ನೋಡಿದ್ರೂ ಒಳಗಿನ ತೇವಾಂಶ 60 ಶೇಕಡಾಕ್ಕಿಂತ ಕೆಳಗೆ ಇರ್ಲಿ, 30ರಿಂದ 50 ಇದ್ರೆ ಇನ್ನೂ ಒಳ್ಳೇದು ಅಂತ ಇರ್ತದೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳೋದೂ ಅದನ್ನೇ. ಮಾತು ಸರಿ, ಆದ್ರೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಅದ್ರಲ್ಲೂ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ನಮ್ಮ ಕಾಸರಗೋಡಲ್ಲಿ ಇಡೀ ಮನೆಯನ್ನು ಆಟಿ ತಿಂಗಳಲ್ಲಿ 60ಕ್ಕೆ ಇಳಿಸ್ಲಿಕ್ಕೆ ಆಗೋದಿಲ್ಲ ಮಾರಾಯ್ರೆ. ಆ ನಂಬರ್ ನೋಡಿ ಬೇಜಾರು ಮಾಡ್ಕೊಳ್ಬೇಡಿ. ಬೂಸರಿಗೆ ಬೇಕಾದ್ದು ಗೋಡೆ, ಬಟ್ಟೆ, ಮರ, ಇದ್ರ ಮೈಗೆ ತಾಗಿಕೊಂಡಿರುವ ಗಾಳಿಯ ತೇವ, ಅದು 80ರ ಮೇಲೆ ದಿನಗಟ್ಟಲೆ ನಿಂತ್ರೆ ಅಲ್ಲಿ ಬೂಸರು ಬಂತು ಅಂತ್ಲೇ ಲೆಕ್ಕ. ಚಾವಡಿ ನಡುವೆ ಫ್ಯಾನ್ ತಿರುಗುವಲ್ಲಿ 76 ತೋರಿಸ್ತಿರುವಾಗ್ಲೇ, ಹೊರಗೋಡೆಗೆ ಒತ್ತಿ ಇಟ್ಟ ಕಬ್ಬಿಣದ ಕಪಾಟಿನ ಹಿಂದೆ 88 ಇರ್ತದೆ, ಯಾಕಂದ್ರೆ ಮಳೆ ಬಡಿದು ತಣ್ಣಗಾದ ಗೋಡೆಯ ಹತ್ರ ಅದೇ ಗಾಳಿ ತಣಿದು ಅದರ ಶೇಕಡಾ ಏರ್ತದೆ. ನಮ್ಮ ಮನೆಯಲ್ಲಿ ಕಪಾಟನ್ನು ಒಮ್ಮೆ ಎಳೆದು ನೋಡಿದಾಗ ಗೋಡೆ ಮೇಲೆ ಕಪಾಟಿನದ್ದೇ ಆಕಾರಕ್ಕೆ ಕಪ್ಪು ಚುಕ್ಕೆಗಳು, ಅದರ ಆಚೆ ಈಚೆ ಪೇಂಟ್ ಕ್ಲೀನ್.

ಹಾಗಾಗಿ ಮೀಟರನ್ನು ಅಲ್ಲಿ ಇಡಿ: ಕಪಾಟಿನ ಹಿಂದೆ, ಕೆಳಗಿನ ಅರೆಯಲ್ಲಿ ಸೀರೆ ಮಧ್ಯೆ, ಮಂಚದ ಅಡಿ ಮೂಲೆಯಲ್ಲಿ. ಒಂದೊಂದು ಜಾಗದಲ್ಲಿ ಎರಡು ದಿನ ಇಟ್ಟು, ಅದು ತೋರಿಸಿದ್ದನ್ನು ಬೆಳಿಗ್ಗೆ ರಾತ್ರಿ ಬರೆದಿಡಿ. ಕೆಲವು ನೂರು ರೂಪಾಯಿಯ ಡಿಜಿಟಲ್ ಮೀಟರ್ ಸಾಕು, ಆದ್ರೆ ಉಷ್ಣತೆಯನ್ನೂ ತೋರಿಸುವಂಥದ್ದು ತಗೊಳ್ಳಿ, ಕನಿಷ್ಠ ಗರಿಷ್ಠ ನೆನಪಿಟ್ಟುಕೊಳ್ಳುವಂಥದ್ದಾದ್ರೆ ಇನ್ನೂ ಅನುಕೂಲ, ಮತ್ತು ಎರಡು ತಗೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೇನೆ. ಕಮ್ಮಿ ಕ್ರಯದ್ದು 5 ಶೇಕಡಾ ಆಚೀಚೆ ತೋರಿಸೋದು ಮಾಮೂಲು, ಅದನ್ನು ಮನೆಯಲ್ಲೇ ಚೆಕ್ ಮಾಡ್ಬಹುದು. ಬಾಟ್ಲಿ ಮುಚ್ಚಳದಲ್ಲಿ ಉಪ್ಪು ತುಂಬಿ ನಾಲ್ಕಾರು ಹನಿ ನೀರು ಹಾಕಿ, ಉಪ್ಪು ಕರಗಿಹೋಗ್ಬಾರ್ದು, ಚಂಡಿ ಮರಳಿನ ಹಾಗೆ ಆಗ್ಬೇಕು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಲ್ಲಿ ಹಾಕಿ ಗಾಳಿ ಹೋಗದ ಹಾಗೆ ಮುಚ್ಚಿ ರಾತ್ರಿಯಿಡೀ ಬಿಟ್ರೆ ಮೀಟರ್ 75 ತೋರಿಸ್ಬೇಕು. 79 ತೋರಿಸಿದ್ರೆ ಇನ್ನು ಯಾವಾಗ್ಲೂ 4 ಕಳೆದು ಓದಿ.

ಈಗ ಕಿಟಕಿ ಚರ್ಚೆ. ಹೊರಗೆ 90, ಒಳಗೆ 75, ಹಾಗಾಗಿ ಮುಚ್ಚೋದೇ ಸರಿ ಅಂತ ಅನಿಸ್ತದೆ, ಆದ್ರೆ ಅದು ಪೂರ್ತಿ ನಿಜ ಅಲ್ಲ. ಶೇಕಡಾ ಅನ್ನೋದು ಆ ಉಷ್ಣತೆಯಲ್ಲಿ ಗಾಳಿ ಎಷ್ಟು ನೀರು ಹಿಡಿಯಬಲ್ಲದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಅಂತ ಮಾತ್ರ. ಹೊರಗೆ 24 ಡಿಗ್ರಿ, 90 ಶೇಕಡಾ ಇದ್ರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 19.6 ಗ್ರಾಂ ನೀರು. ಒಳಗೆ 28 ಡಿಗ್ರಿ, 75 ಶೇಕಡಾ ಅಂದ್ರೆ 20.4 ಗ್ರಾಂ. ನೀರು ಒಳಗೇ ಜಾಸ್ತಿ! ಹೊರಗಿನ ಆ ಗಾಳಿ ಒಳಗೆ ಬಂದು 28ಕ್ಕೆ ಬಿಸಿಯಾದ್ರೆ 71ರ ಹತ್ರ ಇಳೀತದೆ. ಆದ್ರೆ ಹೊರಗೆ 26 ಡಿಗ್ರಿ 95 ಇರುವಾಗ ತೆರೆದ್ರೆ ನೀವಾಗಿ ತೇವ ಒಳಗೆ ಕರೆದ ಹಾಗೇ. ಅದಕ್ಕೇ ಎರಡನೇ ಮೀಟರ್, ಮಳೆ ತಾಗದ ಹಾಗೆ ಜಗಲಿಯಲ್ಲಿ ಇಡಿ, ಎರಡರದ್ದೂ ಉಷ್ಣತೆ ಮತ್ತು ಶೇಕಡಾ ನೋಡಿ ಮೊಬೈಲಲ್ಲಿ ಡ್ಯೂ ಪಾಯಿಂಟ್ (ಗಾಳಿ ಎಷ್ಟು ಡಿಗ್ರಿಗೆ ತಣಿದ್ರೆ ಅದರ ತೇವ ನೀರಾಗ್ತದೋ ಅದು) ಕ್ಯಾಲ್ಕುಲೇಟರಿಗೆ ಹಾಕಿ, ಯಾವ ಕಡೆ ಡ್ಯೂ ಪಾಯಿಂಟ್ ಕಮ್ಮಿಯೋ ಆ ಕಡೆ ಗಾಳಿಯೇ ಒಣ.

ಎಷ್ಟೋ ಸಲ ತೇವ ಹೊರಗಿಂದ ಬರೋದಕ್ಕಿಂತ ನಾವೇ ಒಳಗೆ ಮಾಡೋದು ಜಾಸ್ತಿ. ಕುಚ್ಚಲಕ್ಕಿ ಗಂಟೆಗಟ್ಟಲೆ ಕುದಿಯುವಾಗ ಎದ್ದ ಹಬೆ ಎಲ್ಲಿಗೆ ಹೋಗ್ಬೇಕು? ಹಂಚಿನ ಮನೆಯಾದ್ರೆ ಸಂದಿಯಲ್ಲೇ ಹೋಗ್ತಿತ್ತು, ಒಲೆಯ ಬಿಸಿಗೆ ಅಟ್ಟವೂ ಒಣಗಿಯೇ ಇರ್ತಿತ್ತು, ಈಗ ಟೆರೇಸ್ ಮನೆ, ಗಟ್ಟಿ ಮುಚ್ಚುವ ಕಿಟಕಿ, ಗ್ಯಾಸ್ ಒಲೆ. ಅನ್ನ ಬೇಯುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ, ಅಡುಗೆಮನೆ ಬಾಗಿಲು ಎಳೆದಿಡಿ, ಮೀಟರಲ್ಲಿ ವ್ಯತ್ಯಾಸ ನಿಮಗೇ ಕಾಣ್ತದೆ. ಇನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಚಂಡಿ ಬಟ್ಟೆ ಒಣಗಿಸೋದು, ಇದನ್ನು ದಯವಿಟ್ಟು ಬಿಡಿ, ಲೀಟರ್‌ಗಟ್ಟಲೆ ನೀರು ಹೋಗೋದು ಕಪಾಟಿಗೇ. ಜಗಲಿ, ಕಾರ್ ಶೆಡ್, ಎಲ್ಲಿಯಾದ್ರೂ ಆದೀತು.

ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ, ಸಾಧ್ಯ ಇದ್ರೆ ಹೊರಗೋಡೆ ಬಿಟ್ಟು ಒಳಗೋಡೆಗೆ ಬದಲಿಸಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಫಲ ಸಿಗೋದೂ ಇದರಲ್ಲೇ. ಆಮೇಲೆ ಇಡೀ ಮನೆ ಬಿಟ್ಟು ಒಂದೇ ಒಂದು ಕೋಣೆಯನ್ನು ಕಾಪಾಡ್ಕೊಳ್ಳಿ: ರೇಷ್ಮೆ ಸೀರೆ, ಜಾಗೆಯ ದಾಖಲೆ, ಫೋಟೊ ಆಲ್ಬಮ್, ಪುಸ್ತಕ ಎಲ್ಲ ಅಲ್ಲಿಗೆ ತನ್ನಿ, ಬಾಗಿಲು ಕಿಟಕಿ ಮುಚ್ಚಿ ಡಿಹ್ಯೂಮಿಡಿಫೈಯರ್, ಅಂದ್ರೆ ಗಾಳಿಯ ತೇವ ತೆಗೆಯುವ ಮೆಶಿನ್, ಇಡಿ, ಇಲ್ಲದಿದ್ರೆ ಏಸಿಯ ಡ್ರೈ ಮೋಡ್, ಅಲ್ಲಿ 60 ಮುಟ್ಟಿಸ್ಲಿಕ್ಕೆ ಆಗ್ತದೆ. ಕಿಟಕಿ ತೆರೆದಿಟ್ಟು ಡಿಹ್ಯೂಮಿಡಿಫೈಯರ್ ಓಡಿಸಿದ್ರೆ ಕರೆಂಟ್ ಬಿಲ್ ಮಾತ್ರ ಬರೋದು. ಏಸಿಯನ್ನು ತೀರಾ ತಣ್ಣಗೆ ಇಡ್ಬೇಡಿ, 30 ಡಿಗ್ರಿ 80 ಶೇಕಡಾ ಇರುವ ಗಾಳಿ 26 ಡಿಗ್ರಿಯ ಗೋಡೆ ಮುಟ್ಟಿದ್ರೆ ಸಾಕು ನೀರಾಗ್ತದೆ, ಏಸಿ ಕೋಣೆಯ ಆಚೆ ಬದಿಯ ಗೋಡೆಗೆ ಬೂಸರು ಬರೋದು ಹಾಗೆ. ಕಪಾಟಿನೊಳಗೆ ತೇವ ಹೀರುವ ಪೆಟ್ಟಿಗೆ ಇಡೋದಾದ್ರೆ ನೀರು ತುಂಬಿದ ಕೂಡ್ಲೇ ಬದಲಿಸಿ.

ಈಗಾಗ್ಲೇ ಬಂದ ಬೂಸರನ್ನು ಒಣ ಬ್ರಶ್ಶಿಂದ ಉಜ್ಜಬೇಡಿ, ಅದರ ಕಣ ಮನೆಯೆಲ್ಲ ಹರಡ್ತದೆ. ಮಾಸ್ಕ್ ಹಾಕಿ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಮನೆಯಲ್ಲಿ ದಮ್ಮು ಇರುವವರು ಇದ್ರೆ ಅವ್ರು ಆ ಕೆಲಸಕ್ಕೆ ಬರೋದೇ ಬೇಡ. ಏನಾದ್ರೂ ನೆನೆದ್ರೆ 24ರಿಂದ 48 ಗಂಟೆಯೊಳಗೆ ಒಣಗಿಸಿ.

ಇಷ್ಟೆಲ್ಲ ಮಾಡಿಯೂ ಒಂದು ಗೋಡೆ ಮಾತ್ರ ಹಠ ಹಿಡಿದ್ರೆ ಒಂದು ಪ್ಲಾಸ್ಟಿಕ್ ಶೀಟನ್ನು ಆ ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ನೀರ ಹನಿ ಶೀಟಿನ ಮೇಲೆ, ಕೋಣೆ ಕಡೆ ಕಂಡ್ರೆ ತೇವ ಗಾಳಿಯದ್ದು, ಮೇಲೆ ಹೇಳಿದ್ದನ್ನೇ ಮುಂದುವರಿಸಿ. ಶೀಟಿನ ಹಿಂದೆ, ಗೋಡೆ ಕಡೆ ಕಂಡ್ರೆ ಮುರಕಲ್ಲು ಹೊರಗಿಂದಲೋ ಅಡಿಪಾಯದಿಂದಲೋ ಪಸೆ ಎಳೀತಾ ಉಂಟು ಅಂತ, ಆಗ ಮೀಟರಿಗೂ ಡಿಹ್ಯೂಮಿಡಿಫೈಯರಿಗೂ ದುಡ್ಡು ಹಾಕ್ಬೇಡಿ, ಮೇಸ್ತ್ರಿಯನ್ನು ಕರೆಸಿ ಹೊರಗಿನ ಸಾರಣೆ, ಟೆರೇಸಿನ ನೀರು ಹೋಗುವ ಪೈಪು, ಗೋಡೆ ಬುಡಕ್ಕೆ ನೀರು ಸಿಡಿಯುವ ಜಾಗ ಇಷ್ಟನ್ನು ಮೊದಲು ತೋರಿಸಿ.