ಫಿನ್ಲೆಂಡ್‌ನಲ್ಲಿ ವೈದ್ಯರನ್ನು ಕಾಣಲು ಯಾರು ಎಷ್ಟು ಕಾಯಬೇಕು?

ಗಂಡನ ಕೆಲಸದ ನಿಮಿತ್ತ ಮಗುವಿನೊಂದಿಗೆ ಫಿನ್ಲೆಂಡ್‌ಗೆ ಹೊರಟಿರುವ ನೀವು, "ಅಲ್ಲಿ ಎಲ್ಲರ ಆರೋಗ್ಯವನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆಯಂತೆ. ಆದರೂ ಡಾಕ್ಟರನ್ನು ಕಾಣಲು ವಾರಗಟ್ಟಲೆ ಕಾಯಬೇಕೆನ್ನುತ್ತಾರೆ, ನಿಜವೇ?" ಎಂದು ಕೇಳಿದ್ದೀರಿ. ನಿಮ್ಮ ಯಜಮಾನರು ಬಹುಶಃ ಕಾಯಬೇಕಾಗಿಲ್ಲ. ನೀವು ಕಾಯಬೇಕಾದೀತು.

ನಾನು ಹೆಲ್ಸಿಂಕಿ ಬಳಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬಂದ ಹೊಸತರಲ್ಲಿ ಒಮ್ಮೆ ಬೆನ್ನು ಹಿಡಿದುಕೊಂಡಿತು. ಬೆಳಿಗ್ಗೆ ಮೊಬೈಲ್‌ನಲ್ಲಿ ಸಮಯ ಗೊತ್ತುಮಾಡಿಕೊಂಡು ಮಧ್ಯಾಹ್ನ ವೈದ್ಯರ ಮುಂದೆ ಕುಳಿತಿದ್ದೆ. ಒಂದು ಸೆಂಟೂ ಕೊಡಬೇಕಾಗಲಿಲ್ಲ. ಅದೇ ಚಳಿಗಾಲದಲ್ಲಿ, ಮನೆಯಲ್ಲೇ ಇದ್ದ ನನ್ನ ಹೆಂಡತಿಗೆ ಭುಜ ಎತ್ತಲಾಗದಷ್ಟು ನೋವು. ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಅವರ ಮರುಕರೆಗಾಗಿ ಸಂಜೆಯವರೆಗೆ ಕಾದೆವು. ನರ್ಸ್ ಸಮಾಧಾನದಿಂದ ವಿಚಾರಿಸಿ, ಇದು ತುರ್ತಲ್ಲ ಎಂದರು. ವೈದ್ಯರನ್ನು ಕಂಡದ್ದು ಐದು ವಾರಗಳ ಮೇಲೆ. ಅಷ್ಟೂ ದಿನ ಅವಳ ಜಡೆ ಹೆಣೆದವನು ನಾನು. ಹೆಣೆಯುವಾಗಲೆಲ್ಲ ನಾಚಿಕೆಯಾಗುತ್ತಿತ್ತು. ನನ್ನ ಬೆನ್ನು ಅವಳ ಭುಜಕ್ಕಿಂತ ಯಾವುದರಲ್ಲಿ ಹೆಚ್ಚು?

ಕಾರಣ ಇಷ್ಟು. 1972ರ ಕಾಯ್ದೆಯಿಂದ ಹುಟ್ಟಿದ ‘ತೆರ್ವೆಯ್ಸ್‌ಕೆಸ್ಕುಸ್’, ಅಂದರೆ ಆರೋಗ್ಯ ಕೇಂದ್ರ, ಎಲ್ಲರಿಗೂ ಸೇರಿದ್ದು. ‘ತ್ಯೋತೆರ್ವೆಯ್ಸ್’ ಎಂಬ ಉದ್ಯೋಗ ಆರೋಗ್ಯ ಸೇವೆ ನೌಕರರಿಗೆ ಮಾತ್ರ. ಕೆಲಸದಿಂದ ಬರುವ ಕಾಯಿಲೆಗಳನ್ನು ತಡೆಯುವ ಸೇವೆಯಷ್ಟೇ ಮಾಲೀಕರಿಗೆ ಕಡ್ಡಾಯ. ಆದರೆ ಬಹಳಷ್ಟು ಕಂಪನಿಗಳು ಸಾಮಾನ್ಯ ಚಿಕಿತ್ಸೆಯನ್ನೂ ಸೇರಿಸಿ ಖಾಸಗಿ ಕ್ಲಿನಿಕ್‌ಗಳೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತವೆ. ಖರ್ಚಿನ ಒಂದು ಪಾಲನ್ನು ಸಾಮಾಜಿಕ ವಿಮಾ ಸಂಸ್ಥೆಯಾದ ‘ಕೆಲಾ’ ಹಿಂದಿರುಗಿಸುತ್ತದೆ. ಹೀಗೆ ಸಂಬಳ ಬರುವವರಿಗೆ ವೈದ್ಯರು ಬೇಗ ಸಿಗುತ್ತಾರೆ. ಹೆಚ್ಚು ಕಾಯಿಲೆಯಿರುವ ವೃದ್ಧರು, ಕೆಲಸ ಕಳೆದುಕೊಂಡವರು ಸರದಿಯಲ್ಲಿ ಉಳಿಯುತ್ತಾರೆ. ಸಮಾನತೆಯನ್ನು ಇಷ್ಟು ಪ್ರೀತಿಸುವ ದೇಶ ಇದನ್ನು ಹೇಗೆ ಸಹಿಸಿಕೊಂಡಿದೆಯೋ ನನಗೆ ಇವತ್ತಿಗೂ ತಿಳಿಯದು.

ತುರ್ತಲ್ಲದ ಚಿಕಿತ್ಸೆಯೂ 14 ದಿನಗಳೊಳಗೆ ಸಿಗಬೇಕೆಂಬ ನಿಯಮ 2023ರ ಸೆಪ್ಟೆಂಬರ್‌ನಲ್ಲಿ ಬಂದಾಗ ಬಹಳ ಸಂತೋಷಪಟ್ಟಿದ್ದೆ. 2025ರ ಆರಂಭದಿಂದ 23 ವರ್ಷ ತುಂಬಿದವರಿಗೆ ಆ ಮಿತಿಯನ್ನು ಮತ್ತೆ ಮೂರು ತಿಂಗಳಿಗೆ ಏರಿಸಿಬಿಟ್ಟರು. ಅದಕ್ಕಿಂತ ಕಿರಿಯರಿಗೆ 14 ದಿನವೇ ಇದೆ. ಮಗುವಿನ ಬಗ್ಗೆ ಹೆಚ್ಚು ಚಿಂತಿಸಬೇಡಿ. ‘ನೆವ್ವೊಲ’ ಎಂಬ ತಾಯಿ-ಮಗುವಿನ ಕೇಂದ್ರಗಳು ಉಚಿತ, ಮತ್ತು ನಾನು ಕಂಡಂತೆ ಬಹಳ ಚೆನ್ನಾಗಿವೆ.

ಬಂದ ಕೂಡಲೇ ವಾಸಸ್ಥಳದ ನೋಂದಣಿ ಮಾಡಿಸಿ, ಸಾರ್ವಜನಿಕ ಸೇವೆಯ ಹಕ್ಕು ಅದರ ಮೇಲೆ ನಿಂತಿದೆ. ತುರ್ತು ಸಲಹೆಗೆ 116117, ಪ್ರಾಣಾಪಾಯವಿದ್ದರೆ 112. ಇನ್ನೊಂದು ಮಾತು. ನರ್ಸ್ ಫೋನ್‌ನಲ್ಲಿ ಕೇಳಿದಾಗ ನೋವಿನಿಂದ ಯಾವ ಕೆಲಸ ಮಾಡಲಾಗುತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಿ. ನಿದ್ದೆ ಕೆಟ್ಟಿದ್ದರೆ ಅದನ್ನೂ ಹೇಳಿ. ನನ್ನ ಹೆಂಡತಿ ನಮ್ಮ ಕಡೆಯ ಅಭ್ಯಾಸದಂತೆ, "ಪರವಾಗಿಲ್ಲ, ತಡೆದುಕೊಳ್ಳುತ್ತೇನೆ" ಎಂದುಬಿಟ್ಟಿದ್ದಳು. ನರ್ಸ್ ಅದನ್ನು ಹಾಗೆಯೇ ಬರೆದುಕೊಂಡಿದ್ದರು.