ಇಎಸ್‌ಜಿ ಫಂಡ್‌ಗೆ ಎಸ್‌ಐಪಿ ಹಾಕಿದರೆ ರಿಟರ್ನ್ ಕಮ್ಮಿಯಾಗುತ್ತಾ, ರಿಸ್ಕ್ ತಗ್ಗುತ್ತಾ?

ಪರಿಸರ, ಸಮಾಜ, ಆಡಳಿತ ಈ ಮೂರರಲ್ಲೂ ಒಳ್ಳೆಯವು ಅನ್ನಿಸಿಕೊಂಡ ಕಂಪನಿಗಳ ಷೇರು ಕೊಳ್ಳೋ ಮ್ಯೂಚುವಲ್ ಫಂಡೇ ಇಎಸ್‌ಜಿ ಫಂಡ್. ಇದಕ್ಕೆ ಎಸ್‌ಐಪಿ, ಅಂದರೆ ತಿಂಗಳ ಕಂತಿನಲ್ಲಿ, 5,000 ರೂಪಾಯಿಯಂತೆ 15 ವರ್ಷ ಹಾಕಬೇಕು ಅಂದುಕೊಂಡಿದ್ದೀರಿ ಅನ್ನಿ. ಒಳ್ಳೆಯ ಕಂಪನಿಗಳೇ ಇರೋದರಿಂದ ರಿಸ್ಕ್ ಕಮ್ಮಿ ಅಂತ ಏಜೆಂಟರು ಹೇಳಿದರೆ ಆ ಫಂಡಿನ ರಿಸ್ಕೋಮೀಟರ್ (ರಿಸ್ಕ್ ಎಷ್ಟು ಅಂತ ಮುಳ್ಳಿನಿಂದ ತೋರಿಸೋ ಚಿತ್ರ) ತೋರಿಸಿ ಅನ್ನಿ. ಈಕ್ವಿಟಿ ಇಎಸ್‌ಜಿ ಫಂಡಿನ ಮುಳ್ಳು ಸಾಮಾನ್ಯವಾಗಿ 'ಅತಿ ಹೆಚ್ಚು' ಅನ್ನೋ ಕಡೆಯೇ ಇರುತ್ತೆ. ಷೇರುಪೇಟೆಯ ನಿಯಂತ್ರಕ ಸೆಬಿ ಇದನ್ನು ಇಟ್ಟಿರೋದೂ ಥೀಮ್ಯಾಟಿಕ್, ಅಂದರೆ ಒಂದೇ ವಿಷಯಕ್ಕೆ ಅಂಟಿಕೊಂಡ ಫಂಡುಗಳ ಗುಂಪಿನಲ್ಲೇ.

ಬೇರೆ ಫಂಡುಗಳಿಗಿಂತ ರಿಟರ್ನ್‌ನಲ್ಲಿ ವ್ಯತ್ಯಾಸ ಬರೋದು ಮುಖ್ಯವಾಗಿ ವಲಯಗಳ ಹಂಚಿಕೆಯಿಂದ. ತಂಬಾಕು, ಕಲ್ಲಿದ್ದಲು ಬಿಟ್ಟಾಗ ಖಾಲಿಯಾದ ಜಾಗದಲ್ಲಿ ಹೆಚ್ಚಾಗಿ ಐಟಿ, ಬ್ಯಾಂಕ್ ಷೇರುಗಳು ಬಂದು ಕೂರುತ್ತವೆ. 2022ರಲ್ಲಿ ನಿಫ್ಟಿ 50 ಸುಮಾರು ಶೇ 4 ಏರಿದರೆ ನಿಫ್ಟಿ ಐಟಿ ಕಾಲು ಭಾಗ ಕಳೆದುಕೊಂಡಿತು; ಅದೇ ವರ್ಷ ಕಲ್ಲಿದ್ದಲಿನ ಕೋಲ್ ಇಂಡಿಯಾ, ಸಿಗರೇಟಿನ ಐಟಿಸಿ ಎರಡೂ ಸುಮಾರು ಒಂದೂವರೆ ಪಟ್ಟಾದವು. ಇದ್ದದ್ದು ಬಿತ್ತು, ಬಿಟ್ಟದ್ದು ಏರಿತು. ಐಟಿ ಏರಿದ ವರ್ಷ ಇದೇ ಲೆಕ್ಕ ತಿರುಗುಮುರುಗಾಗುತ್ತೆ.

ರಿಸ್ಕ್ ನಿಜವಾಗಿ ತಗ್ಗಬಹುದಾದ ಜಾಗ ಒಂದಿದೆ: ಆಡಳಿತದ ಪರೀಕ್ಷೆ. ಲೆಕ್ಕದಲ್ಲಿ ಮೋಸ ಮಾಡೋ ಕಂಪನಿಯನ್ನು ಮೊದಲೇ ಬಿಟ್ಟರೆ ಒಂದೇ ದಿನದ ದೊಡ್ಡ ಪೆಟ್ಟು ತಪ್ಪುತ್ತೆ. ಆದರೆ ಐಟಿ ಕಂಪನಿ ಸತ್ಯಂಗೆ 2008ರಲ್ಲಿ ಉತ್ತಮ ಆಡಳಿತದ ಪ್ರಶಸ್ತಿಯೇ ಬಂದಿತ್ತು. ಲೆಕ್ಕದ ಮೋಸ ಬಯಲಾದ 2009ರ ಜನವರಿ 7ರಂದು ಅದರ ಷೇರು ಶೇ 77ಕ್ಕೂ ಹೆಚ್ಚು ಕುಸಿಯಿತು. ರೇಟಿಂಗ್‌ಗಳ ಕಥೆಯೂ ಹೀಗೇ: 2022ರಲ್ಲಿ ಅಮೆರಿಕದ ಎಸ್‌ ಆ್ಯಂಡ್ ಪಿ 500 ಇಎಸ್‌ಜಿ ಸೂಚ್ಯಂಕದಿಂದ ವಿದ್ಯುತ್ ಕಾರಿನ ಟೆಸ್ಲಾ ಹೊರಬಿತ್ತು, ತೈಲದ ಎಕ್ಸಾನ್‌ಮೊಬಿಲ್ ಉಳೀತು!

ಫಂಡ್ ಆರಿಸೋ ಮೊದಲು ತಿಂಗಳ ಫ್ಯಾಕ್ಟ್‌ಶೀಟ್ ತೆರೆದು ಮೊದಲ ಐದು ವಲಯಗಳ ಶೇಕಡಾವಾರನ್ನು 100 ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ 100ರ ಜೊತೆ ಇಟ್ಟು ನೋಡಿ. ಯಾವುದಾದರೂ ವಲಯ 10 ಶೇಕಡಾ ಅಂಶಕ್ಕಿಂತ ಹೆಚ್ಚು ಉಬ್ಬಿದ್ದರೆ ನೀವು ಕೊಳ್ಳುತ್ತಿರೋದು ಆ ವಲಯದ ಮೇಲಿನ ಪಂದ್ಯವನ್ನೂ ಹೌದು. ಆಮೇಲೆ 5 ವರ್ಷದ ರೋಲಿಂಗ್ ರಿಟರ್ನ್ (ಬೇರೆ ಬೇರೆ ದಿನ ಶುರುವಾಗೋ ಐದೈದು ವರ್ಷಗಳ ಲಾಭ) ಹೋಲಿಸಿ. ಒಂದು ವರ್ಷದ ಅಂಕಿಗೆ ಬೆಲೆ ಕೊಡಬೇಡಿ. ಖರ್ಚಿನ ಅನುಪಾತ (ಫಂಡ್ ಪ್ರತಿ ವರ್ಷ ನಿಮ್ಮ ಹಣದಿಂದ ತೆಗೆದುಕೊಳ್ಳೋ ಶುಲ್ಕ) ಮರೆಯಲೇಬೇಡಿ: ಅದು ಹೆಚ್ಚಾಗಿ ನಿಮ್ಮ ಎಸ್‌ಐಪಿಗೆ ಶೇ 12ರ ಬದಲು ಶೇ 11 ಸಿಕ್ಕರೆ ಕೊನೆಗೆ ಸಿಗೋದು ಸುಮಾರು ಎರಡು ಲಕ್ಷ ಕಮ್ಮಿ. ಹಾಗಾಗಿ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಆರಿಸಿ.

ಹಳೆಯ ಫಂಡಿನ ಹಣವನ್ನು ಇದಕ್ಕೆ ಸ್ವಿಚ್ ಮಾಡೋ ಯೋಚನೆ ಇದ್ದರೆ ತಡೀರಿ. ತೆರಿಗೆಗೆ ಅದು ಮಾರಾಟವೇ. ಈಕ್ವಿಟಿ ಫಂಡಾದರೆ ಒಂದು ವರ್ಷದೊಳಗಿನ ಲಾಭಕ್ಕೆ ಶೇ 20, ಆಮೇಲಾದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಹೊಸ ಕಂತುಗಳನ್ನಷ್ಟೇ ಇತ್ತ ತಿರುಗಿಸಿ.