ಸಂಪಾದಕರ ಉತ್ತರ: ನಾಲ್ಕೇ ಸೈಟೇಶನ್ ಅಂದರೆ ಕಡಿಮೆಯೇ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳ ಮೊದಲ ಲೇಖನ ಬಂದು ಎರಡು ವರ್ಷವಾಯಿತು, ಸಿಕ್ಕಿರುವುದು ನಾಲ್ಕೇ ಸೈಟೇಶನ್, ಅದಕ್ಕೇ ಮಂಕಾಗಿದ್ದಾಳೆ ಎಂದಿದ್ದೀರಿ. ಈ ಲೆಕ್ಕದಿಂದ ಒಬ್ಬ ವಿಜ್ಞಾನಿಯ ಬೆಲೆ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ.

ಒಬ್ಬರ ಸಂಶೋಧನಾ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್. ಅಷ್ಟೇ. 1964ರಲ್ಲಿ ಇದರ ದೊಡ್ಡ ಪಟ್ಟಿಯನ್ನು ಹೊರತಂದ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಕಾಲೇಜಿನಲ್ಲಿ ಓದಿದ್ದೂ ಕೆಮಿಸ್ಟ್ರಿಯೇ. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹುಡುಕಲು ಅವರಿಗೊಂದು ದಾರಿ ಬೇಕಿತ್ತು. ಅದರಿಂದ ಜನರಿಗೆ ಅಂಕ ಹಾಕುವ ರೂಢಿ ಆಮೇಲೆ ಬೆಳೆಯಿತು.

ನಿಮ್ಮ ಮಗಳಿಗೆ ಗೊತ್ತಿರುವ ಒಂದು ಹೆಸರನ್ನೇ ತೆಗೆದುಕೊಳ್ಳೋಣ. ಅಕಿರಾ ಸುಜುಕಿ. 1930ರಲ್ಲಿ ಜಪಾನಿನ ಹೊಕ್ಕೈಡೋ ದ್ವೀಪದ ಮುಕಾವಾದಲ್ಲಿ ಹುಟ್ಟಿದವರು. ಮೊದಲು ಅವರಿಗೆ ಗಣಿತದ ಮೇಲೆ ಆಸೆ. ಮುಂದೆ ಕೆಮಿಸ್ಟ್ರಿಗೆ ಬಂದರು. ಒಂದು ದಿನ ಪುಸ್ತಕದ ಅಂಗಡಿಯಲ್ಲಿ ಕೆಮಿಸ್ಟ್ರಿ ವಿಜ್ಞಾನಿ ಹರ್ಬರ್ಟ್ ಬ್ರೌನ್ ಬೋರಾನ್ ಎಂಬ ಮೂಲವಸ್ತುವಿನ ಬಗ್ಗೆ ಬರೆದ ಪುಸ್ತಕ ಕಣ್ಣಿಗೆ ಬಿತ್ತು. ಅದರ ಗುಂಗು ಎಷ್ಟು ಹಿಡಿಯಿತೆಂದರೆ, 1963ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ, ಬ್ರೌನ್ ಅವರ ಹತ್ತಿರಕ್ಕೇ ಹೋದರು. 1965ರಲ್ಲಿ ಹೊಕ್ಕೈಡೋ ವಿಶ್ವವಿದ್ಯಾಲಯಕ್ಕೆ ವಾಪಸ್ ಬಂದು ಬೋರಾನ್ ಹಿಡಿದು ಕೂತರು. ಇಂದು ಅವರ ಹೆಸರಲ್ಲಿರುವ ರಾಸಾಯನಿಕ ಕ್ರಿಯೆಯನ್ನು ನೊರಿಯೊ ಮಿಯೌರಾ ಜೊತೆ ಪ್ರಕಟಿಸಿದ್ದು 1979ರಲ್ಲಿ. ನಡುವೆ 14 ವರ್ಷ!

ಅವರು ಮಾಡಿದ್ದು ಇಂಗಾಲಕ್ಕೆ ಇಂಗಾಲವನ್ನು ಜೋಡಿಸುವ ಕೆಲಸ. ಜೋಡಿಸಬೇಕಾದ ಒಂದು ತುಂಡಿಗೆ ಬೋರಾನ್ ಅಂಟಿರುತ್ತದೆ, ಇನ್ನೊಂದಕ್ಕೆ ಬ್ರೋಮಿನ್‌ನಂಥದ್ದು. ಪಲ್ಲಾಡಿಯಮ್ ಎಂಬ ಲೋಹ ಎರಡನ್ನೂ ಹತ್ತಿರ ತರುತ್ತದೆ. ಆದರೆ ಬೋರಾನ್ ತಾನು ಹಿಡಿದಿದ್ದ ಇಂಗಾಲವನ್ನು ಬಿಟ್ಟುಕೊಡುತ್ತಿರಲಿಲ್ಲ. ಕ್ಷಾರ ಸೇರಿಸಿದ ಮೇಲೆ ಬಿಟ್ಟುಕೊಟ್ಟಿತು. ಇದರಲ್ಲಿ ಬಳಸುವ ಬೋರಾನ್ ವಸ್ತುಗಳು ಗಾಳಿಗೆ, ನೀರಿಗೆ ಅಷ್ಟಾಗಿ ಕೆಡುವುದಿಲ್ಲ, ವಿಷವೂ ಕಡಿಮೆ. ಹಾಗಾಗಿ ಕಾರ್ಖಾನೆಗಳಿಗೂ ಒಗ್ಗಿತು. ಬಿಪಿಗೆ ಕೊಡುವ ಲೊಸಾರ್ಟನ್ ಮಾತ್ರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ ಅಲ್ವಾ? ಆ ಔಷಧ ತಯಾರಿಸುವ ಒಂದು ದಾರಿಯಲ್ಲಿ ಇದೇ ಜೋಡಣೆ ಬರುತ್ತದೆ. ಸುಜುಕಿ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಎಲ್ಲರೂ ಬಳಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಇದನ್ನು ತಿಳಿದ ಮೇಲೆ.

ಈಗ ಲೆಕ್ಕಕ್ಕೆ ಬರೋಣ. ಸುಜುಕಿ, ಮಿಯೌರಾ ಇಬ್ಬರ ಅತಿ ಹೆಚ್ಚು ಸೈಟೇಶನ್ ಪಡೆದ ಲೇಖನ 1979ರದ್ದಲ್ಲ. ಅಲ್ಲಿಯವರೆಗಿನ ಕೆಲಸವನ್ನೆಲ್ಲ ಒಟ್ಟಿಗೆ ವಿವರಿಸಿ 1995ರಲ್ಲಿ ಕೆಮಿಕಲ್ ರಿವ್ಯೂಸ್ ಪತ್ರಿಕೆಗೆ ಬರೆದದ್ದು. ಅದೊಂದೇ 10,000 ದಾಟಿದೆ. ಆ ಹೊತ್ತಿಗೆ ಸುಜುಕಿ ಹೊಕ್ಕೈಡೋದಿಂದ ನಿವೃತ್ತರಾಗಿದ್ದರು! ಹೊಸದನ್ನು ಕಂಡುಹಿಡಿದ ಲೇಖನಕ್ಕಿಂತ, ಅದನ್ನು ಒಂದೆಡೆ ಕೂಡಿಸಿ ಹೇಳಿದ ಲೇಖನವನ್ನು ಹೆಸರಿಸುವುದು ಜನರಿಗೆ ಸಲೀಸು. ನೊಬೆಲ್ ಬಂದದ್ದು 2010ರಲ್ಲಿ, ರಿಚರ್ಡ್ ಹೆಕ್ ಮತ್ತು ಏ-ಇಚಿ ನೆಗಿಶಿ ಜೊತೆಗೆ. ಆಗ ಸುಜುಕಿಯವರಿಗೆ 80 ವರ್ಷ. ಇನ್ನೊಂದು ವಿಷಯ. ಈಗ ಎಷ್ಟೋ ಜನ ‘ಸುಜುಕಿ ಕಪ್ಲಿಂಗ್ (ಅಂದರೆ ಇದೇ ಜೋಡಣೆ) ಮಾಡಿದೆವು’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ, ಯಾವ ಲೇಖನವನ್ನೂ ಹೆಸರಿಸುವುದಿಲ್ಲ. ಅಂಥ ಬಳಕೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಂತ ಸೈಟೇಶನ್ ಸುಮ್ನೆ ಎಂದು ನಾನು ಹೇಳುವುದಿಲ್ಲ. ಕೆಲಸ ಬೇರೆಯವರಿಗೆ ಉಪಯೋಗಕ್ಕೆ ಬಂತೇ ಎಂಬುದರ ಗುರುತು ಅದರಲ್ಲಿದೆ. ಆದರೆ ಎರಡು ವರ್ಷದ ಲೇಖನಕ್ಕೆ ಆ ಗುರುತು ಮೂಡಲು ಸಮಯ ಬೇಕು. ಹತ್ತು ಲೇಖನಗಳ ಸಾಲಿನಲ್ಲಿ ಒಂದಾಗಿ ಹೆಸರು ಹೇಳಿ ಬಿಡುವುದು ಬೇರೆ, ಆ ವಿಧಾನವನ್ನು ತಮ್ಮ ಫ್ಲಾಸ್ಕಿನಲ್ಲಿ ಮಾಡಿ ನೋಡುವುದು ಬೇರೆ. ಎಣಿಕೆಯಲ್ಲಿ ಎರಡೂ ಒಂದೇ.

ಮಗಳು ರಜೆಗೆ ಬಂದಾಗ ಆ ನಾಲ್ಕು ಲೇಖನಗಳನ್ನು ತೆಗೆದು ತೋರಿಸಲು ಹೇಳಿ. ಪ್ರಯೋಗ ವಿವರಿಸುವ ಪುಟದಲ್ಲಿ ಅವಳ ಹೆಸರಿದೆಯೇ ನೋಡಿ. ಒಂದರಲ್ಲಿ ಇದ್ದರೂ ನನಗೊಂದು ಕಾರ್ಡ್ ಹಾಕಿ.